ರೊಟ್ಟಿ ಬಡಿಯದ ದಿನಗಳು

ಪುಣೆಯಲ್ಲಿ ಸ್ವಾರಗೇಟದ ಬಸ್ ಸ್ಟ್ಯಾಂಡಿಗೆ ಹತ್ತಿರದ, ಒಂದೇ ಅಂಗಳದ ಸುತ್ತ ಹಲವು ಬಿಡಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ನಾವಿದ್ದೆವು. ನಮ್ಮ ಪಾಲಿಗೆ ಇದ್ದದ್ದು ಕೆಳಗಿನ ಮೂರು ಕೋಣೆ. ಅದರಲ್ಲಿ ಎರಡನ್ನು ಅವ್ವನ ಖಾನಾವಳಿ ನುಂಗಿತ್ತು. ಉಳಿದ ಒಂದರಲ್ಲಿ ಅಪ್ಪ, ಅವ್ವ, ನಾನು, ನನ್ನ ಕಾಲೇಜಿನ ಪುಸ್ತಕಗಳು, ಒಂದರ ಮೇಲೊಂದು ಪೇರಿಸಿದ ಜೋಳದ ಚೀಲಗಳು ಹೇಗೋ ಹೊಂದಿಕೊಂಡಿದ್ದೆವು. ಎಂಬತ್ತರ ದಶಕದ ಶುರುವಿನ ಮಾತು. ಅಪ್ಪ ಖಡಕಿಯ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ವಿಜಾಪುರ, ಕಲಬುರ್ಗಿ ಕಡೆಯಿಂದ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ದುಡಿಯಲು ಬಂದ ಗಂಡಸರು ನಮ್ಮಲ್ಲಿ ಎರಡು ಹೊತ್ತು ಉಣ್ಣುತ್ತಿದ್ದರು. ಅವರನ್ನು ನಾವು ಮೆಂಬರು ಎನ್ನುತ್ತಿದ್ದೆವು. ಅವರಿಗೆ ನಮ್ಮವ್ವ ಅಕ್ಕಾರು. ಪುಣೆಯಲ್ಲಿ ಊಟಕ್ಕೇನೂ ಬರವಿರಲಿಲ್ಲ, ಆದರೆ ಈ ಜನಕ್ಕೆ ಬೇಕಾಗಿದ್ದದ್ದು ಅವ್ವನ ಕೈಯ ಜೋಳದ ರೊಟ್ಟಿ. ಅದಿಲ್ಲದಿದ್ದರೆ ಅವರ ಲೆಕ್ಕದಲ್ಲಿ ಅದು ಊಟವೇ ಅಲ್ಲ.

ನಮ್ಮ ಮನೆಗೆ ಒಂದು ನಾಯಿಯನ್ನು ತಂದವರು ಮೆಂಬರುಗಳಲ್ಲೆಲ್ಲ ಹಿರಿಯರಾದ ಒಬ್ಬ ಕಾರಕೂನರು. ಊರ ದಂಡಿನ ಭಾಗವಾದ ಕ್ಯಾಂಪಿನಲ್ಲಿ ಮಿಲಿಟರಿ ಕಚೇರಿಯೊಂದರಲ್ಲಿ ಅವರ ಕೆಲಸ. ಒಂದು ಸಂಜೆ ಊಟಕ್ಕೆ ಬರುವಾಗ ಕಂಕುಳಲ್ಲಿ ಕಂದು ಬಣ್ಣದ ಏನನ್ನೋ ಅವುಚಿಕೊಂಡು ಬಂದರು.

"ನಮ್ಮ ಸಾಹೇಬ್ರಿಗೆ ವರ್ಗ ಆಗ್ಯದರಿ ಅಕ್ಕಾರ. ಅಸ್ಸಾಮಿಗೆ ಹೊಂಟಾರ. ನಾಲ್ಕ ದಿನ ಇಟ್ಕೋರಿ, ಯಾರರೆ ಸಿಕ್ರ ಕೊಟ್ಟ ಬಿಡ್ತೀನಿ."

ಆ ನಾಲ್ಕು ದಿನ ಮುಗಿಯಲೇ ಇಲ್ಲ. ಕೆಳಗೆ ಬಿಟ್ಟಾಗ ಅವನನ್ನು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೆವು. ದೇವರು ಎರಡು ನಾಯಿಗಾಗುವಷ್ಟು ಬೆನ್ನು ಕೊಟ್ಟು, ಅರ್ಧ ನಾಯಿಗಾಗುವಷ್ಟು ಕಾಲು ಕೊಟ್ಟು ಕೈ ತೊಳೆದುಕೊಂಡಿದ್ದ. ಕಿವಿ ನೆಲ ಗುಡಿಸುತ್ತಿದ್ದವು. ಸಾಹೇಬರ ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದವನು ನಮ್ಮ ಮನೆಗೆ ಬಂದ ಮೂರೇ ದಿನಕ್ಕೆ ವಿಜಾಪುರದ ಬೈಗುಳಗಳನ್ನೆಲ್ಲ ಕಲಿತು, ಯಾವುದಕ್ಕೆ ಓಡಬೇಕು, ಯಾವುದಕ್ಕೆ ಬಾಲ ಆಡಿಸಬೇಕು ಎಂದು ತಿಳಿದುಕೊಂಡ.

ನಮ್ಮ ಊರ ಕಡೆ ಹಂಚಿನಿಂದ ಇಳಿದ ಮೊದಲನೆಯ ರೊಟ್ಟಿ ಆಕಳಿಗೆ. ಪುಣೆಯ ವಾಡೆಯಲ್ಲಿ ಆಕಳೆಲ್ಲಿಂದ ಬರಬೇಕು? ಅಷ್ಟು ವರ್ಷ ಅವ್ವ ಆ ರೊಟ್ಟಿಯನ್ನು ಬದಿಗಿಟ್ಟು, ಬೀದಿಯಲ್ಲಿ ಸಿಕ್ಕ ಯಾವುದಾದರೂ ಪ್ರಾಣಿಗೆ ಹಾಕಿ ಬರುತ್ತಿದ್ದಳು. ಇವನು ಬಂದ ಮೇಲೆ ಅದು ಇವನದಾಯಿತು. ಅವ್ವ ಬೆಳಿಗ್ಗೆ ಅಗಲವಾದ ಪರಾತದಲ್ಲಿ ಹಿಟ್ಟು ನಾದಿ, ಮೊದಲ ಉಂಡೆಯನ್ನು ಅಂಗೈಯಿಂದ ಪಟಪಟ ಬಡಿಯುವುದೇ ತಡ, ಇವನು ಎಲ್ಲಿದ್ದರೂ ಹಾಜರು. ಅಂಗಳದ ನಳದ ಹತ್ತಿರ ಇರಲಿ, ಮಾಳಿಗೆಯ ಮೇಲಿರಲಿ, ಗಾಢ ನಿದ್ದೆಯಲ್ಲಿರಲಿ, ಆ ಸದ್ದು ಕಿವಿಗೆ ಬಿದ್ದರೆ ಮುಗಿಯಿತು. ಒಲೆಯ ಬಲಗಡೆ ಒಂದು ಹಳೆಯ ತಾಟಿತ್ತು. ಅದರ ಮುಂದೆ ಕೂತು ರೊಟ್ಟಿ ಆರುವತನಕ ಕಾಯುವನು.

ಅಪ್ಪನಿಗೆ ಇದು ಕಣ್ಣುರಿ. "ಮನಷ್ಯಾರು ತಾಟ ಮುಂದ ಇಟಗೊಂಡ ಕುಂತಾರ, ನಾಯಿಗೆ ಮೊದಲ ರೊಟ್ಟಿ. ಭಾಳ ಛಲೋ ಪದ್ಧತಿ" ಎಂದು ದಿನಾ ಒಂದು ಸಲ ಗೊಣಗಿಯೇ ಅವನು ಕೆಲಸಕ್ಕೆ ಹೊರಡುತ್ತಿದ್ದ. ಅವ್ವ ಕೇಳಿಸದವಳಂತೆ ಎರಡನೆಯದನ್ನು ಬಡಿಯುತ್ತಿದ್ದಳು.

ಆ ಸದ್ದೇ ನಾಯಿಗೆ ಮುಳುವಾಯಿತು. ಒಂದು ಬೆಳಿಗ್ಗೆ ಅವನು ಜೋಳದ ಚೀಲಗಳ ಮೇಲೆ, ಎಲ್ಲಕ್ಕಿಂತ ಮೇಲಿನದರ ಮೇಲೆ, ಮಲಗಿದ್ದ. ಅವ್ವ ರೊಟ್ಟಿಗೆ ಕೈ ಹಚ್ಚಿದಳು. ದಿನದಂತೆ ಅಲ್ಲಿಂದ ನೇರ ಕೆಳಗೆ ಜಿಗಿದ. ನೆಲಕ್ಕೆ ಬಿದ್ದಾಗ ಅವನು ಕೂಗಿದ ಕೂಗು ನನಗೆ ಇವತ್ತಿಗೂ ಕೇಳುತ್ತದೆ. ನಾನು ಓಡಿ ಬಂದಾಗ ಮುಂಗಾಲುಗಳ ಮೇಲೆ ಎದ್ದು ನಿಂತಿದ್ದ. ಹಿಂಗಾಲುಗಳು ಮಾತ್ರ ಯಾರೋ ಬಿಚ್ಚಿ ಎಸೆದ ಕಾಲುಚೀಲದ ಹಾಗೆ ನೆಲದ ಮೇಲೆ ಬಿದ್ದಿದ್ದವು.

ಅವ್ವ ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ಕುಸಿದು ಕೂತಳು. "ನಾ ಬಡದ ಸದ್ದಿಗೇ ಹಾರಿದಾ ಇವ" ಎಂದಳು. ಆ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಕಾರಕೂನರೇ ನಮ್ಮನ್ನು ಕ್ಯಾಂಪಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಅವರು ಒಂದು ಕಾಲಕ್ಕೆ ಮಿಲಿಟರಿ ಕುದುರೆಗಳನ್ನು ನೋಡುತ್ತಿದ್ದವರು. ಪ್ರಾಣಿಗಳ ಜೊತೆ ಮೆತ್ತಗೆ, ಮನುಷ್ಯರ ಜೊತೆ ಗಡುಸಾಗಿ ಮಾತಾಡುವ ಪೈಕಿ. ಬೆನ್ನನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ, ಮರಾಠಿಯಲ್ಲಿ ನಮಗೆ ತಿಳಿಯುವ ಹಾಗೆ ಹೇಳಿದರು. ಬೆನ್ನಿನ ಎರಡು ಎಲುಬಿನ ನಡುವಿನ ಗಾದಿ ಜಾರಿ ನರವನ್ನು ಒತ್ತುತ್ತಿದೆ. ಇಷ್ಟುದ್ದ ಬೆನ್ನಿನ ಜಾತಿಗೆ ಇದು ಬರುವುದೇ, ಚೀಲದ ಮೇಲಿಂದ ಜಿಗಿಯದಿದ್ದರೂ ಇನ್ನೊಂದು ದಿನ ಬರುತ್ತಿತ್ತು. ಕೊಯ್ದು ತೆಗೆಯಬಹುದು. ಆದರೆ ಎದ್ದರೆ ಎದ್ದ, ಇಲ್ಲದಿದ್ದರೆ ಇಲ್ಲ. ಮಾತು ಕೊಡುವುದಿಲ್ಲ. ಕಾಲು ಬರದೇ ಹೋದರೆ ಹುಣ್ಣಾಗಿ ನರಳಿ ಸಾಯುತ್ತಾನೆ, ಅದಕ್ಕಿಂತ ಒಂದು ಸೂಜಿ ಚುಚ್ಚಿ ಮಲಗಿಸಿಬಿಡುವುದು ಒಳ್ಳೆಯದು.

ಅಪ್ಪ ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನೇನೂ ಕಟುಕನಲ್ಲ. ಕಣ್ಣೆದುರು ಯಾವುದಾದರೂ ಜೀವ ನರಳಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಕೊಯಿಸೂಣು" ಎಂದು ಅವ್ವನಿಗೆ ಹೇಳಿದ. "ಎದ್ದರ ಛಲೋನ ಆತು. ಏಳಲಿಲ್ಲಂದ್ರ ಮಾತ್ರ ನೀವಿಬ್ಬರೂ ಅಡ್ಡ ಬರಬ್ಯಾಡ್ರಿ. ಮೂಕ ಪ್ರಾಣಿನ್ನ ತೆವಳಸೂದು ನನ್ನ ಕೈಲೆ ಆಗಂಗಿಲ್ಲ." ನಾನು ಏನೋ ಹೇಳಹೋದೆ. ಅವ್ವ ನನ್ನ ಕೈ ಹಿಡಿದು ಸುಮ್ಮನಿರಿಸಿ, ಆಗಲಿ ಎಂದು ತಲೆಯಾಡಿಸಿದಳು.

ಆಪರೇಶನ್ ಆಯಿತು. ಬೆನ್ನಿನ ಕೂದಲು ಬೋಳಿಸಿ, ನಡುವೆ ಉದ್ದಕ್ಕೆ ಹೊಲಿಗೆ ಹಾಕಿ, ಅವನನ್ನು ಒಂದು ಹಲಗೆಯ ಮೇಲೆ ಮಲಗಿಸಿ ಕೊಟ್ಟರು. ರಿಕ್ಷಾದವನಿಗೆ ನಾನು ಪ್ರತಿ ಗುಂಡಿಗೂ ಕೂಗುತ್ತ ಬಂದೆ. ಅಪ್ಪ ಮಂಡೈ ಮಾರ್ಕೆಟ್ಟಿನಿಂದ ಎರಡು ಹಣ್ಣಿನ ಪೆಟ್ಟಿಗೆ ತಂದು, ಮಧ್ಯದ ಹಲಗೆ ಕಿತ್ತು, ಮೊಳೆ ಬಡಿದು, ಒಳಗೆ ಒರಟುತನ ಇರದ ಹಾಗೆ ಉಜ್ಜಿ ಒಂದು ಉದ್ದನೆಯ ಗೂಡು ಮಾಡಿಟ್ಟಿದ್ದ. ಸೂಜಿ ಚುಚ್ಚಿಸಲು ತಯಾರಾದ ಮನುಷ್ಯ ಅಷ್ಟು ನಾಜೂಕಾಗಿ ಗೂಡು ಉಜ್ಜಿದ್ದನ್ನು ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಗೂಡನ್ನು ಊಟದ ಕೋಣೆಯ ಮೂಲೆಯಲ್ಲಿಟ್ಟೆವು. ಅಲ್ಲಿಂದ ಒಲೆ ಕಾಣುತ್ತಿತ್ತು. ಡಾಕ್ಟರರ ಅಪ್ಪಣೆ ಒಂದೇ: ಹೊಲಿಗೆ ಮಾಗಿ ಬೆನ್ನು ಕೂಡಿಕೊಳ್ಳುವವರೆಗೆ ಇವನು ಏಳಬಾರದು, ಹೊರಳಬಾರದು, ಏನೂ ಮಾಡಬಾರದು.

ಮರುದಿನ ಬೆಳಿಗ್ಗೆ ಖಾನಾವಳಿಯವರಷ್ಟೇ ಮಾಡಬಹುದಾದ ತಪ್ಪು ನಡೆದುಹೋಯಿತು. ಔಷಧಿ, ಬಟ್ಟೆ, ಹಾಲು ಎಲ್ಲ ತಯಾರು ಮಾಡಿಟ್ಟುಕೊಂಡಿದ್ದೆವು. ಸೊಳ್ಳೆ ಕಚ್ಚದಿರಲಿ ಎಂದು ಗೂಡಿಗೆ ಹಳೆಯ ಪರದೆ ಕೂಡ ಹೊದಿಸಿದ್ದೆವು. ಆದರೆ ಅವ್ವ ಎದ್ದವಳೇ ಒಲೆ ಹೊತ್ತಿಸಿ ಹಿಟ್ಟು ನಾದಿ ರೊಟ್ಟಿ ಬಡಿದಳು. ನಮಗೆ ಅದು ಸದ್ದೇ ಅಲ್ಲವಲ್ಲ, ಉಸಿರಾಟದ ಹಾಗೆ. ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಗೂಡಿನೊಳಗೆ ದಡಬಡ ಸದ್ದಾಗಿ ಕೂಗು ಕೇಳಿದಾಗಲೇ ಅವ್ವನ ಕೈ ನಿಂತದ್ದು. ಅವನು ಮುಂಗಾಲೂರಿ ಏಳಲು ಹೋಗಿ ಬಿದ್ದಿದ್ದ. ಹೊಲಿಗೆಯ ಒಂದು ತುದಿಯಿಂದ ರಕ್ತ ಜಿನುಗುತ್ತಿತ್ತು.

ಮತ್ತೆ ಕ್ಯಾಂಪಿಗೆ ಓಡಿದೆವು. ಏಳಲು ಬಿಟ್ಟವರಾರು ಎಂದು ಡಾಕ್ಟರರು ಗುಡುಗಿದರು. ಅವ್ವ ತನ್ನ ಮುರುಕು ಮರಾಠಿಯಲ್ಲಿ "ಭಾಕರಿ... ಭಾಕರಿಚಾ ಆವಾಜ..." ಎಂದು ಎರಡು ಕೈಯಿಂದ ಗಾಳಿಯಲ್ಲೇ ರೊಟ್ಟಿ ಬಡಿದು ತೋರಿಸಿದಳು. ಡಾಕ್ಟರರು ಅವಳ ಕೈಯನ್ನೂ ನಾಯಿಯನ್ನೂ ಒಂದೊಂದು ಸಲ ನೋಡಿ, ಅದೇನೇ ಇರಲಿ, ಮೊದಲು ಬಂದ್ ಮಾಡಿ ಎಂದರು.

ಅವ್ವ ಬಂದ್ ಮಾಡಿದಳು. ಅವಳ ಜೀವಮಾನದಲ್ಲೇ ಮೊದಲ ಸಲ ಇರಬೇಕು. ಪರಾತ ಗೋಡೆಗೊರಗಿ ಕೂತಿತು. ಲಟ್ಟಣಿಗೆ ಹೊರಬಂತು. ಖಾನಾವಳಿಯಲ್ಲಿ ಹೊತ್ತು ಹೊತ್ತಿಗೂ ಚಪಾತಿ. ಜೋಳದ ರೊಟ್ಟಿಯನ್ನೇ ಲಟ್ಟಿಸಬಾರದೇಕೆ ಎಂದು ನಾನು ಒಮ್ಮೆ ಕೇಳಿದೆ. "ಲಟ್ಟಸಿದ್ದಕ್ಕ ರೊಟ್ಟಿ ಅಂತಾರೇನ?" ಎಂದು ಅವ್ವ ಲಟ್ಟಣಿಗೆಯನ್ನು ನನ್ನ ಮುಖದ ಮುಂದೆ ಆಡಿಸಿದಳು.

ಮೊದಲ ಕೆಲವು ದಿನ ಮೆಂಬರು ಹಲ್ಲು ಕಚ್ಚಿ ಉಂಡರು. ಆಮೇಲೆ ಶುರುವಾಯಿತು. ನಮ್ಮ ಕಡೆ ಚಪಾತಿ ಎಂದರೆ ಒಂದೋ ಹಬ್ಬ, ಇಲ್ಲವೇ ಜ್ವರ.

"ಅಕ್ಕಾರ, ನಮಗೇನ ಜಡ್ಡ ಆಗ್ಯದೇನ್ರಿ, ದಿನಾ ಚಪಾತಿ ಹಾಕಾಕತ್ತೀರಿ?"

"ನಾಯಿ ಬೆನ್ನಿಗೆ ಆಪರೇಶನ್ ಆದ್ರ ನಮ್ಮ ಹೊಟ್ಟಿಗ್ಯಾಕ್ರಿ ಹೊಲಿಗಿ?"

ಎಲ್ಲರೂ ನಗುತ್ತಿದ್ದರು, ಆದರೆ ತಾಟಿನಲ್ಲಿ ಚಪಾತಿ ಉಳಿಯುತ್ತಿತ್ತು. ಊರಿಗೆ ಹೋಗಿ ಬಂದವನೊಬ್ಬ ಸ್ವಾರಗೇಟದಲ್ಲಿ ಬಸ್ಸಿಳಿದು, ಹೆಂಡತಿ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು ಹೊತ್ತು ನೇರ ನಮ್ಮ ಮನೆಗೇ ಬಂದ. ತಿಂಗಳುಗಟ್ಟಲೆ ಇಟ್ಟರೂ ಕೆಡದ, ಒಣಗಿಸಿದ ಆ ರೊಟ್ಟಿ ನೋಡಿ ಪಂಕ್ತಿಗೆ ಪಂಕ್ತಿಯೇ ಹುರುಪಾಯಿತು. ಒಬ್ಬ ಮುರಿದ. ಲಟ್ ಎಂದಿತು. ಮೂಲೆಯ ಗೂಡಿನಲ್ಲಿ ಎರಡು ಜೋಲುಗಿವಿ ಅಲುಗಿದವು. ಅವ್ವ ಸೌಟು ಎತ್ತಿಕೊಂಡು ಬಂದು ಎಲ್ಲರನ್ನೂ ಅಂಗಳಕ್ಕೆ ಅಟ್ಟಿದಳು. ಅಂದಿನಿಂದ ದೊಡ್ಡ ದೊಡ್ಡ ಮೀಸೆಯ ಗಂಡಸರು ನಳದ ಕಟ್ಟೆಯ ಮೇಲೆ ಸಾಲಾಗಿ ಕೂತು, ಕಳ್ಳರ ಹಾಗೆ ಖಡಕ್ ರೊಟ್ಟಿ ಮುರಿದು ತಿಂದು ಒಳಗೆ ಬಂದು ಅನ್ನ ಸಾರು ಉಣ್ಣುವುದು ರೂಢಿಯಾಯಿತು. ಇಬ್ಬರು ಮಾತ್ರ ಮುನಿಸಿಕೊಂಡು ಬೇರೆ ಖಾನಾವಳಿಗೆ ಹೋದರು. ಅವ್ವನಿಗೆ ಅದು ನಾಟಿತು. ಅವಳ ಪಂಕ್ತಿಯಿಂದ ಯಾರೂ ಹಾಗೆ ಎದ್ದು ಹೋದದ್ದಿರಲಿಲ್ಲ. ಹೋಗುವವರನ್ನು ಬಾಗಿಲತನಕ ಹೋಗಿ "ಬರ್ರಿ ಮತ್ತ" ಎಂದು ಕಳಿಸಿ ಬಂದು ಹಿಟ್ಟಿನ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಒತ್ತಿದಳು.

ಗೂಡಿನ ಚಾಕರಿಯಲ್ಲಿ ನಮಗೆಲ್ಲ ಪಾಲು ಇತ್ತು. ಅವನಿಗೆ ತಾನಾಗಿ ಉಚ್ಚೆ ಹೊಯ್ಯಲು ಆಗುತ್ತಿರಲಿಲ್ಲ. ಹೊಟ್ಟೆಯ ಕೆಳಗೆ ಕೈಯಿಟ್ಟು ಹದವಾಗಿ ಒತ್ತಿ ಹೊಯ್ಯಿಸಬೇಕು. ಅವ್ವನ ಕೈ ಅಡಿಗೆಗೆ ಬೇಕು. ನಾನು ಒತ್ತಿದರೆ ಅವನಿಗೆ ನೋಯುತ್ತಿತ್ತು. ಕಡೆಗೆ ಆ ಕೆಲಸ ಅಪ್ಪನದಾಯಿತು. ಕೆಲಸಕ್ಕೆ ಹೋಗುವ ಮುಂಚೆ, ಬಂದ ಮೇಲೆ, ಬಗಲಲ್ಲಿ ಅವನನ್ನಿಟ್ಟುಕೊಂಡು ಅಂಗಳದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದ. "ಯಾವ ಜನ್ಮದ ಋಣ ಮಾರಾಯ ನಿಂದು" ಎಂದು ಬೈಯುತ್ತಲೇ ಬೆರಳು ಮಾತ್ರ ಹೂವಿನ ಹಾಗೆ ಇಡುತ್ತಿದ್ದ. ನೋಡಿದ್ದೇವೆಂದು ಗೊತ್ತಾದರೆ ಬೈಗುಳ ಇನ್ನೂ ಜೋರು.

ಹೊಲಿಗೆ ಮಾಗಿತು, ಬೋಳು ಬೆನ್ನಿನ ಮೇಲೆ ಸಣ್ಣ ಕೂದಲು ಬಂತು. ಮಲಗುವ ಕಾಲ ಮುಗಿಯಿತು ಎಂದು ಡಾಕ್ಟರರು ಹಿಂಗಾಲಿನ ಬೆರಳನ್ನು ಚಿವುಟಿ ನೋಡಿದರು. ಕಾಲು ಒಂದಿಷ್ಟೇ ಹಿಂದಕ್ಕೆ ಸರಿಯಿತು. ನಾನು ಕುಣಿಯುವುದೊಂದು ಬಾಕಿ. ಕಾಲಲ್ಲಿ ಜೀವ ಇದೆ, ಇನ್ನು ನಡೆಸಿರಿ ಎಂದರು. ಅಪ್ಪನ ಹಳೆಯ ಧೋತರ ಹರಿದು ಅವನ ಹೊಟ್ಟೆಯ ಕೆಳಗೆ ತೊಟ್ಟಿಲಿನ ಹಾಗೆ ಹಿಡಿದು ವಾಡೆಯ ಅಂಗಳದಲ್ಲಿ ನಡೆಸಿದೆವು. ನಡೆಯುವವರು ನಾವು, ತೇಲುವವನು ಅವನು. ಹಿಂಗಾಲು ಊರಲೇ ಇಲ್ಲ. ಅವಕ್ಕೆ ಬಲವಿಲ್ಲ ಎಂಬುದಕ್ಕಿಂತ ಅವನು ಅವನ್ನು ಮರೆತೇಬಿಟ್ಟಿದ್ದ. ಮರೆಯದೆ ಏನು ಮಾಡುತ್ತಾನೆ? ಹಾಲು ಗೂಡಿಗೆ ಬರುತ್ತಿತ್ತು, ಅನ್ನ ಗೂಡಿಗೆ ಬರುತ್ತಿತ್ತು, ಉಚ್ಚೆಗೆ ಫಿಟ್ಟರ್ ಸಾಹೇಬರು ಖುದ್ದಾಗಿ ಬಂದು ಎತ್ತಿಕೊಂಡು ಹೋಗುತ್ತಿದ್ದರು. ವಾರಗಳು ಹೋದವು. ಮತ್ತೆಲ್ಲಿ ಜಿಗಿದಾನೋ ಎಂಬ ಹೆದರಿಕೆಗೆ ಅವ್ವ ಪರಾತವನ್ನು ಮಾತ್ರ ಮುಟ್ಟಲಿಲ್ಲ. ಅವನ ಕಣ್ಣಿನಲ್ಲಿದ್ದ ಪುಂಡತನವೂ ಹೋಯಿತು. ಅದು ನನಗೆ ಕಾಲಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮತ್ತೆ ತೋರಿಸಲು ಹೋದಾಗ ಡಾಕ್ಟರರು ಎರಡೂ ಹಿಂಗಾಲನ್ನು ಮಡಚಿ ಬಿಡಿಸಿ ನೋಡಿದರು. ಆಮೇಲೆ, ತನ್ನ ಕೆಲಸ ಮುಗಿದಿದೆ, ಇನ್ನು ಏಳಬೇಕು ಅಂತ ಅವನಿಗೇ ಅನ್ನಿಸಬೇಕು ಎಂದರು. ಬರುವ ವಾರ ಕರೆದುಕೊಂಡು ಬನ್ನಿ, ಅಷ್ಟರಲ್ಲಿ ಕಾಲೂರದಿದ್ದರೆ ನಾನು ಮೊದಲೇ ಹೇಳಿದ್ದೆನಲ್ಲ ಎಂದು ಅಪ್ಪನ ಮುಖ ನೋಡಿದರು. ಅಪ್ಪ ಆ ಸಂಜೆಯೇ ಕಾರ್ಖಾನೆಯಲ್ಲಿ ಬರುವ ವಾರ ಡಾಕ್ಟರರಲ್ಲಿಗೆ ಹೋಗುವ ದಿನಕ್ಕೆ ರಜೆ ಕೇಳಿ ಬಂದ. ಕೊಟ್ಟಾರ ಎಂದಷ್ಟೇ ಹೇಳಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಅದು ಸೂಜಿಯ ದಿನದ ರಜೆ ಎಂದು ನಮಗೆಲ್ಲ ಗೊತ್ತಿತ್ತು.

ಅವತ್ತು ಅವ್ವ ನನ್ನನ್ನು ಅಡಿಗೆಮನೆಗೆ ಕರೆದಳು.

"ತಮ್ಮ ಕೆಲಸ ಮುಗೀತು ಅಂದ ಮ್ಯಾಲ ಡಾಕ್ಟರ್ ಅಂದದ್ದು ಏನದು? ಇನ್ನೊಮ್ಮೆ ಹೇಳ."

"ಏಳಬೇಕು ಅಂತ ಅವಗ ಅನಸಬೇಕಂತ ಅವ್ವಾ."

ಮರುದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಗೋಡೆಗೊರಗಿದ್ದ ಪರಾತ ಒಲೆಯ ಮುಂದಿತ್ತು. ಬಿಸಿನೀರು, ಜೋಳದ ಹಿಟ್ಟು. ಒಲೆಯ ಬಲಗಡೆ ಆ ಹಳೆಯ ತಾಟು. ಗೂಡಿನ ಮುಂದಿನ ಹಲಗೆ ತೆಗೆದಿಟ್ಟಿದ್ದಳು.

ನಾನು ಓಡಿ ಹೋಗಿ ಅವಳ ಕೈ ಹಿಡಿದೆ. "ಅವ್ವಾ, ಬ್ಯಾಡ. ಬಂದ್ ಮಾಡ್ರಿ ಅಂದಿದ್ರು ಡಾಕ್ಟರ್."

"ಆವಾಗ ಮಲಗಬೇಕಾಗಿತ್ತು. ಈಗ ಏಳಬೇಕಾಗ್ಯದ."

ಮೊದಲ ಪಾಳಿಗೆ ಹೋಗುವ ಮೆಂಬರು ಬಂದು ಕೂತಿದ್ದರು, ಅವರ ನಡುವೆ ಕಾರಕೂನರೂ ಇದ್ದರು. ಅಪ್ಪ ಚಹಾದ ಬಸಿ ಹಿಡಿದು ಹೊಸ್ತಿಲಲ್ಲಿದ್ದ. ಪರಾತ ಕಂಡು ಎಲ್ಲರೂ ಗೂಡಿನ ಕಡೆ ತಿರುಗಿದರು. ಅವ್ವ ಕಣ್ಣು ಮುಚ್ಚಿ ಬಡಿಯತೊಡಗಿದಳು. ರೂಢಿ ತಪ್ಪಿತ್ತೋ ಏನೋ, ಅಂಚು ಸೀಳಿತು. ಹಾಗೆಯೇ ಹಂಚಿಗೆ ಹಾಕಿ, ನೀರು ಸವರಿ, ಬೇಯಿಸಿ ಆ ಮೊದಲನೆಯದನ್ನು ಬಲಗಡೆಯ ತಾಟಿಗೆ ಹಾಕಿದಳು. ಗೂಡಿನ ಹತ್ತಿರ ಒಯ್ಯಲಿಲ್ಲ. ಮತ್ತೆ ಒಂದು ಉಂಡೆ ತೆಗೆದುಕೊಂಡು ಬಡಿಯಲು ಕೂತಳು.

ಗೂಡಿನಲ್ಲಿ ಕಿವಿ ಅಲುಗಿದವು. ಮೂಗು ಹೊರಬಂತು. ಕುಂಯ್‌ಗುಟ್ಟಿದ. ಯಾರೂ ಬರದಿದ್ದಾಗ ಮುಂಗಾಲಿನಿಂದ ತನ್ನನ್ನು ಎಳೆದುಕೊಂಡು ಹೊರಬಂದ. ಹಿಂದಿನ ಅರ್ಧ ಮೈ ಫರಶಿಗಲ್ಲಿನ ನೆಲದ ಮೇಲೆ ಸರಸರ ಜಾರುತ್ತ ಬಂತು. ಅರ್ಧ ದಾರಿಗೆ ದಣಿದು ನಿಂತು ನನ್ನ ಕಡೆ ನೋಡಿದ. ಎತ್ತಿಕೋ ಎನ್ನುತ್ತಿದ್ದ. ನಾನು ಬಗ್ಗಿದೆ.

"ಮುಟ್ಟಬ್ಯಾಡ ಅವನ್ನ!"

ಅವ್ವ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. "ರಾಕ್ಷಸಿ ಆಗೀದಿ ನೀ" ಎಂದು ನಾನೂ ಕೂಗಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ರೊಟ್ಟಿ ಹಿಗ್ಗಿ, ತೆಳ್ಳಗಾಗಿ, ಕಾಗದವಾಗಿ ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದಳು. ಮತ್ತೆ ಹರಿಯಿತು, ಮತ್ತೆ ಬಡಿದಳು. ಅವಳಿಗೆ ಬೇಕಾಗಿದ್ದದ್ದು ರೊಟ್ಟಿಯಲ್ಲ, ಸದ್ದು. ಅವನನ್ನು ಬೀಳಿಸಿದ ಸದ್ದಿಗೇ ಎಬ್ಬಿಸು ಎಂದು ಬೇಡುತ್ತಿದ್ದಳು. ಅದು ಅರ್ಥವಾದಾಗ ನಾನು ಅವನಿಂದ ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತೆ.

"ಅಯ್ಯ ಅಯ್ಯ ಅಯ್ಯ" ಎಂದರು ಕಾರಕೂನರು.

ತಿರುಗಿದೆ. ಅವನ ಹಿಂಭಾಗ ನೆಲ ಬಿಟ್ಟಿತ್ತು. ಒಂದು ಪಾದ ಸರಿಯಾಗಿ ಊರಿತ್ತು, ಇನ್ನೊಂದು ಮಗುಚಿಕೊಂಡಿತ್ತು. ಎರಡೂ ಗಡಗಡ ನಡುಗುತ್ತಿದ್ದವು. ಬಿದ್ದ. ತಾನೇ ಎದ್ದ. ಒಂದು ಹೆಜ್ಜೆ, ವಾಲಿಕೊಂಡು ಇನ್ನೊಂದು. ಕುಡುಕನೊಬ್ಬ ನಾಲ್ಕು ಕಾಲಿನಲ್ಲಿ ಬಂದರೆ ಹೇಗೋ ಹಾಗೆ ಒಲೆಯ ಬಲಗಡೆಗೆ ಬಂದು ನಿಂತ. ಆಮೇಲೆ ಎಷ್ಟೋ ವರ್ಷ ಅವನು ನಮ್ಮೊಡನಿದ್ದ, ಕೊನೆಯತನಕ ಅದೇ ಸೊಟ್ಟ ನಡಿಗೆ. ಅಷ್ಟು ಚಂದದ ನಡಿಗೆ ನಾನು ಬೇರೆಲ್ಲೂ ನೋಡಿಲ್ಲ.

ಅಲ್ಲೇ ತಿನ್ನುತ್ತಾನೆ ಅಂದುಕೊಂಡೆವು. ಅವನು ಆ ಸೀಳಿದ ರೊಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ತಿರುಗಿದ. ಇಷ್ಟು ದಿನ ಗೂಡಿನಲ್ಲೇ ಉಂಡವನಿಗೆ ಊಟದ ಜಾಗ ಅದೇ ಆಗಿಹೋಗಿತ್ತು. ತನಗಿಂತ ಅಗಲದ ರೊಟ್ಟಿಯ ಅಂಚನ್ನು ತಾನೇ ತುಳಿದು ಎಡವುತ್ತ, ತೆವಳಿ ಬಂದ ದಾರಿಯಲ್ಲೇ ನಡೆದು ವಾಪಸ್ಸು ಹೋದ. ಪಂಕ್ತಿಯಲ್ಲಿ ಕೂತವರು ಕಾಲು ಮಡಚಿಕೊಂಡು ದಾರಿ ಬಿಟ್ಟರು.

ಅವ್ವ ಅತ್ತಳು. ಎರಡೂ ಕೈಗೆ ಹಿಟ್ಟು, ಕಣ್ಣೊರೆಸಿಕೊಳ್ಳಲು ಆಗದೆ ತೋಳಿಗೆ ಮುಖ ಒತ್ತಿಕೊಂಡು ಮನಸಾರೆ ಅತ್ತಳು. ನಾನು ಹೋಗಿ ಅವಳ ಸೆರಗಿನಿಂದಲೇ ಅವಳ ಮುಖ ಒರೆಸಿದೆ. ಅಪ್ಪನ ಚಹಾ ಆರಿ ಕೆನೆಗಟ್ಟಿತ್ತು.

"ಆ ರಜಾ ಇರಲಿ" ಎಂದ ಅಪ್ಪ ಯಾರಿಗೋ ಎಂಬಂತೆ. ಬಸಿಯನ್ನು ಹೊಸ್ತಿಲ ಮೇಲಿಟ್ಟ. "ಡಾಕ್ಟರ್ ಮುಂದ ಇವನ್ನ ನಡಿಸಿಕೊಂಡ ಹೋಗಿ ನಿಂದರಸ್ತೀನಿ."

ಕಾರಕೂನರು ತಾಟನ್ನು ಮುಂದಕ್ಕೆ ಸರಿಸಿದರು. "ಹಂಗಾದ್ರ ಅಕ್ಕಾರ, ಎರಡನೇದು ನಮಗ ಬರ್ಲಿ."

ಅವ್ವ ಮೂಗೆಳೆದುಕೊಂಡು, ಹರಿದ ಮುದ್ದೆಯನ್ನು ಬದಿಗಿಟ್ಟು, ಹೊಸ ಉಂಡೆಗೆ ಹಿಟ್ಟು ತೆಗೆದುಕೊಂಡಳು.